ಗೃಹಭೇಟಿ ವರದಿಯ ‘ಬಡತನಕ್ಕೆ ಕಾರಣ’ ಎಂಬ ಕಾಲಂನಲ್ಲಿ ಏನು ಬರೆಯಬೇಕು?

ಪ್ರಶ್ನೆ: ಕ್ಷೇತ್ರಕಾರ್ಯದ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯಕ್ಕಾಗಿ ಮಂಡಕ್ಕಿ ಭಟ್ಟಿಗಳಿರುವ ಬಡಾವಣೆಯೊಂದಕ್ಕೆ ಹೋಗುತ್ತೇನೆ. ಅಲ್ಲಿ ಐದು ಕುಟುಂಬಗಳನ್ನು ಆರಿಸಿಕೊಂಡು, ಪ್ರತಿ ಮನೆಗೂ ಹಲವು ಸಲ ಹೋಗಿ ಮಾತನಾಡಿಸಿ, ವರದಿ ಬರೆಯಬೇಕು. ವರದಿಯ ನಮೂನೆಯಲ್ಲಿ ಹೆಸರು, ವಯಸ್ಸು, ಆದಾಯ, ಮನೆಯ ಸ್ಥಿತಿ ಎಲ್ಲ ಮುಗಿದ ಮೇಲೆ ‘ಕುಟುಂಬದ ಬಡತನಕ್ಕೆ ಕಾರಣ’ ಎಂಬ ಕಾಲಂ ಬರುತ್ತದೆ. ಅದಕ್ಕೆ ಕೊಟ್ಟಿರುವ ಜಾಗ ಎರಡು ಗೆರೆ.

ನಾನು ಮೊದಲು ಹೋದ ಮನೆಯಲ್ಲಿ ಗಂಡ ಭಟ್ಟಿಯ ಒಲೆಯ ಮುಂದೆ ಕಾಯ್ದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸ ಮಾಡುತ್ತಾರೆ. ಹೆಂಡತಿ ಬೇಯಿಸಿದ ಭತ್ತವನ್ನು ಬಯಲಿನಲ್ಲಿ ಹರವಿ, ಕಾಲಿನಿಂದ ಕೆದರುತ್ತಾ ಒಣಗಿಸುವ ಕೆಲಸಕ್ಕೆ ಹೋಗುತ್ತಾರೆ. ಇಬ್ಬರು ಮಕ್ಕಳಿದ್ದಾರೆ. ಒಂದೇ ಕೋಣೆಯ ಮನೆ. ಗೋಡೆಯ ಮೊಳೆಗೆ ಮೂರು ಸಂಘಗಳ ಪಾಸ್ ಪುಸ್ತಕಗಳನ್ನು ಒಂದೇ ದಾರದಲ್ಲಿ ಪೋಣಿಸಿ ತೂಗುಹಾಕಿದ್ದಾರೆ. ಇದಲ್ಲದೆ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯ ಕೈಸಾಲ ಬೇರೆ ಇದೆ. ನಾನು ಸಂಜೆ ಹೋದ ಎರಡು ಸಲವೂ ಗಂಡ ಕುಡಿದಿದ್ದರು. ಕಾರಣವೇನೆಂದು ಹೆಂಡತಿಯನ್ನು ಕೇಳಿದಾಗ ಅವರು ‘ನಮ್ಮ ಹಣೆಬರಹ ಮೇಡಂ, ಇನ್ನೇನು’ ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದರು. ನಾನು ವರದಿಯ ಎರಡು ಗೆರೆಯಲ್ಲಿ ‘ಪತಿಯ ಕುಡಿತ, ದುಂದುವೆಚ್ಚ, ಯೋಜನೆಯಿಲ್ಲದೆ ಮಾಡಿದ ಸಾಲ’ ಎಂದು ಬರೆದೆ.

ನಮ್ಮ ಮಾರ್ಗದರ್ಶಕರು ಆ ಗೆರೆಗಳಿಗೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ‘ಇದು ಅವರ ಬಡತನದ ಕಾರಣವೋ, ಅವರ ಮೇಲೆ ನಿಮ್ಮ ತೀರ್ಪೋ?’ ಎಂದು ಬದಿಯಲ್ಲಿ ಬರೆದು ಮರಳಿಸಿದ್ದಾರೆ. ವ್ಯಕ್ತಿಯ ಘನತೆಯನ್ನು ಗೌರವಿಸಬೇಕು, ತೀರ್ಪು ನೀಡಬಾರದು ಎಂಬ ಮೌಲ್ಯಗಳನ್ನು ನಾವು ತರಗತಿಯಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದೂ ಇದ್ದೇವೆ. ಆದರೆ ಆ ಮನುಷ್ಯ ಕುಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದನ್ನು ಬರೆಯದೆ ಬಿಟ್ಟರೆ ವರದಿ ಸುಳ್ಳಾಗುವುದಿಲ್ಲವೇ? ಮೌಲ್ಯವನ್ನು ಉಳಿಸಿಕೊಳ್ಳಲು ಸತ್ಯವನ್ನು ಬಿಡಬೇಕೆ? ಅನುಭವವಿರುವವರು ದಯವಿಟ್ಟು ತಿಳಿಸಿ. ಮುಂದಿನ ಸೋಮವಾರ ತಿದ್ದಿದ ವರದಿಯನ್ನು ಒಪ್ಪಿಸಬೇಕಾಗಿದೆ.

ಉತ್ತರ 1: ಎಣ್ಣೆಗಾಣದ ಮನೆಯವನು, ಚಳ್ಳಕೆರೆ

ನಾನು ಸಮಾಜಕಾರ್ಯ ಓದಿದವನಲ್ಲ, ಶೇಂಗಾ ವ್ಯಾಪಾರದಲ್ಲಿ ತಲೆ ನೆರೆಸಿಕೊಂಡವನು. ಆದ್ದರಿಂದ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಬರೆದದ್ದು ಸರಿಯಾಗಿದೆ. ಕುಡಿತವನ್ನು ಕುಡಿತ ಎನ್ನದೆ ‘ಸಾಮಾಜಿಕ ಸಂರಚನೆ’ ಎಂದು ಬರೆದರೆ ಆ ಮನೆಗೆ ಅಕ್ಕಿ ಬರುತ್ತದೆಯೇ?

ನಮ್ಮ ಅಂಗಡಿಗೆ ಶೇಂಗಾ ತರುತ್ತಿದ್ದ ಅಣ್ಣ ತಮ್ಮಂದಿರಿಬ್ಬರ ವಿಷಯ ಹೇಳುತ್ತೇನೆ. ಅಪ್ಪ ಪಾಲು ಮಾಡಿಕೊಟ್ಟದ್ದು ತಲಾ ನಾಲ್ಕು ಎಕರೆ, ಒಂದೇ ಬದುವಿನ ಆಚೆ ಈಚೆ. ಇಬ್ಬರ ಹೊಲಕ್ಕೂ ಬಿದ್ದದ್ದು ಒಂದೇ ಮಳೆ, ಇಬ್ಬರಿಗೂ ಸಿಕ್ಕಿದ್ದು ನಮ್ಮ ಅಂಗಡಿಯ ಒಂದೇ ದರ. ಇಂದು ತಮ್ಮನಿಗೆ ಟ್ರ್ಯಾಕ್ಟರ್ ಇದೆ, ಮಗಳನ್ನು ನರ್ಸಿಂಗ್ ಓದಿಸಿದ್ದಾನೆ. ಅಣ್ಣ ಹೊಲ ಮಾರಿ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ, ಅಲ್ಲಿಯೂ ಕುಡಿದು ಮಲಗುತ್ತಾನೆ. ಎಲ್ಲವೂ ಸಮಾನವಾಗಿದ್ದು ಫಲ ಮಾತ್ರ ಬೇರೆಯಾದರೆ, ಕಾರಣ ಮನುಷ್ಯನಲ್ಲಿದೆ ಎಂದೇ ಅರ್ಥವಲ್ಲವೇ? ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಉತ್ತರ 2: ನಿವೃತ್ತ ಕ್ಷೇತ್ರಾಧಿಕಾರಿ, ಚಿತ್ರದುರ್ಗ

ತಾಯಿ, ನಿಮ್ಮ ಪ್ರಶ್ನೆ ಹೊಸದಲ್ಲ. ನೀವು ಓದುತ್ತಿರುವ ವಿದ್ಯೆಯೇ ಈ ಪ್ರಶ್ನೆಯ ಹೊಟ್ಟೆಯಲ್ಲಿ ಹುಟ್ಟಿದ್ದು. 1869ರಲ್ಲಿ ಲಂಡನ್ನಿನಲ್ಲಿ ದಾನಧರ್ಮಗಳನ್ನು ಒಂದು ಕ್ರಮಕ್ಕೆ ತರುವುದಕ್ಕೆಂದು ಒಂದು ಸಂಘ ಆರಂಭವಾಯಿತು. ಅದರ ಸ್ವಯಂಸೇವಕರು ಮನೆಮನೆಗೆ ಹೋಗಿ, ಯಾರು ಸಹಾಯಕ್ಕೆ ಅರ್ಹರಾದ ಬಡವರು, ಯಾರು ಕುಡುಕರೂ ಸೋಮಾರಿಗಳೂ ಆದ ಅನರ್ಹರು ಎಂದು ವಿಂಗಡಿಸಿ ಬರೆದುಕೊಂಡು ಬರುತ್ತಿದ್ದರು. ನಿಮ್ಮ ನಮೂನೆಯ ಆ ಕಾಲಂ ಅವರ ಕಾಲದ ಪಳೆಯುಳಿಕೆ. ಅಂಥ ಸಂಘವೊಂದರಲ್ಲಿಯೇ, ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಸಹಾಯಕ ಖಜಾಂಚಿಯಾಗಿ ಸೇರಿದ ಮೇರಿ ರಿಚ್ಮಂಡ್ ಅವರು ಮುಂದೆ ಈ ಗೃಹಭೇಟಿಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಹಾಗಾಗಿ ಜಾಡಿಸಿಕೊಂಡಷ್ಟೂ ಹಳೆಯ ಧೂಳು ನಮ್ಮ ಮೈಯಿಂದ ಪೂರ್ತಿ ಹೋಗುವುದಿಲ್ಲ.

ತೀರ್ಪು ನೀಡಬಾರದು ಎಂಬ ಮಾತನ್ನು ಬಹಳ ವಿದ್ಯಾರ್ಥಿಗಳು ಕಣ್ಣು ಮುಚ್ಚಿಕೊಳ್ಳಬೇಕು ಎಂದು ಅರ್ಥಮಾಡಿಕೊಳ್ಳುತ್ತಾರೆ. ನೀವು ಪಾಠದಲ್ಲಿ ಓದುವ ಏಳು ತತ್ವಗಳನ್ನು 1957ರಲ್ಲಿ ನಿರೂಪಿಸಿದ ಫೆಲಿಕ್ಸ್ ಬೀಸ್ಟೆಕ್ ಅವರು ಹೇಳಿದ್ದು ಅದಲ್ಲ. ಕಷ್ಟಕ್ಕೆ ಯಾರು ಎಷ್ಟು ಹೊಣೆ, ಯಾರು ತಪ್ಪಿತಸ್ಥರು, ಯಾರು ನಿರ್ದೋಷಿಗಳು ಎಂದು ನಿರ್ಣಯಿಸುವುದು ಸಮಾಜಕಾರ್ಯಕರ್ತರ ಕೆಲಸವಲ್ಲ. ಆದರೆ ವ್ಯಕ್ತಿಯ ನಡವಳಿಕೆ ಅವನಿಗೂ ಅವನ ಮನೆಯವರಿಗೂ ಒಳಿತು ಮಾಡುತ್ತಿದೆಯೇ, ಕೆಡುಕು ಮಾಡುತ್ತಿದೆಯೇ ಎಂದು ತೂಗಿ ನೋಡುವುದು ಖಂಡಿತವಾಗಿಯೂ ಆ ಕೆಲಸದ ಭಾಗ ಎಂದು ಅವರು ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಆದ್ದರಿಂದ ಕುಡಿತವನ್ನು ಬರೆಯಿರಿ. ಎಷ್ಟು, ಯಾವಾಗಿನಿಂದ, ಯಾವ ದಿನಗಳಲ್ಲಿ, ಕೂಲಿಯಲ್ಲಿ ಎಷ್ಟು ಪಾಲು ಅದಕ್ಕೆ ಹೋಗುತ್ತದೆ ಎಂದು ಬರೆಯಿರಿ. ಅದನ್ನು ‘ಕಾರಣ’ ಎಂಬ ತಲೆಬರಹದ ಕೆಳಗೆ ಒಂಟಿಯಾಗಿ ಕೂರಿಸಿದ ಕ್ಷಣಕ್ಕೆ ಮಾತ್ರ ನೀವು ವರದಿಗಾರರ ಕುರ್ಚಿಯಿಂದೆದ್ದು ನ್ಯಾಯಾಧೀಶರ ಕುರ್ಚಿಯಲ್ಲಿ ಕುಳಿತಿರುತ್ತೀರಿ.

ನಾನು ಆ ಕುರ್ಚಿಯಲ್ಲಿ ಕುಳಿತವನೇ. ಎಂಬತ್ತರ ದಶಕದ ಕೊನೆಯಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯ ಸಾಲಕ್ಕೆ ಫಲಾನುಭವಿಗಳನ್ನು ಗುರುತಿಸುವ ಕೆಲಸದಲ್ಲಿ ಮೊಳಕಾಲ್ಮುರು ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಎಮ್ಮೆ ಸಾಲಕ್ಕೆ ಅರ್ಜಿ ಹಾಕಿದ್ದ ಒಬ್ಬಾತ, ವಯಸ್ಸು ನಲವತ್ತು ದಾಟಿರಲಿಲ್ಲ, ಬೆಳಗ್ಗೆ ಹತ್ತಾದರೂ ಕಟ್ಟೆಯ ಮೇಲೆ ಗೋಡೆಗೊರಗಿ ಕುಳಿತಿದ್ದ. ನಾನು ಹತ್ತಿರ ಹೋದರೂ ಏಳಲಿಲ್ಲ, ಕತ್ತನ್ನು ತಿರುಗಿಸಲೂ ಇಲ್ಲ. ಊರವರನ್ನು ಕೇಳಿದರೆ ‘ಅವನಾ, ಕೂತಲ್ಲಿಂದ ಏಳಾಕಿಲ್ಲ’ ಎಂದು ನಕ್ಕರು. ನಾನು ಅರ್ಜಿಯ ಮೇಲೆ ‘ಶ್ರಮಿಸುವ ಮನೋಭಾವವಿಲ್ಲ’ ಎಂದು ಷರಾ ಬರೆದೆ. ಅರ್ಜಿ ಅಲ್ಲಿಗೇ ನಿಂತಿತು.

ಎರಡು ವರ್ಷಗಳ ನಂತರ ಅದೇ ಹಳ್ಳಿಗೆ ವೈದ್ಯರ ತಂಡವೊಂದು ಬಂದಾಗ ನಾನೂ ಜೊತೆಯಲ್ಲಿದ್ದೆ. ಅವರು ಮೊದಲು ನೋಡಿದ್ದು ಮಕ್ಕಳ ಹಲ್ಲುಗಳನ್ನು. ಹೆಚ್ಚುಕಡಿಮೆ ಎಲ್ಲ ಮಕ್ಕಳ ಹಲ್ಲಿನ ಮೇಲೂ ಕಂದು ಪಟ್ಟೆಗಳಿದ್ದವು. ನಮ್ಮ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆಯೆಂಬುದು ಇಂದು ಎಲ್ಲರಿಗೂ ತಿಳಿದಿದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೂ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಕಾಲಕ್ರಮದಲ್ಲಿ ಕೀಲು ಮತ್ತು ಬೆನ್ನುಮೂಳೆಗೂ ತೊಂದರೆಯಾಗುತ್ತದೆ. ಆ ಮನುಷ್ಯನ ಬೆನ್ನು ಕೊರಡಿನಂತೆ ಸೆಟೆದುಕೊಂಡಿತ್ತು. ಅವನು ಏಳಲಿಲ್ಲವೆಂದಲ್ಲ, ಅವನಿಗೆ ಏಳಲು ಆಗುತ್ತಿರಲಿಲ್ಲ. ಕತ್ತು ತಿರುಗಿಸದಿದ್ದದ್ದು ಅಗೌರವದಿಂದಲ್ಲ. ಆ ಊರಿನ ಕೈಪಂಪಿನ ನೀರನ್ನು ನಾನೂ ಅಂದು ಎರಡು ಲೋಟ ಕುಡಿದು, ರುಚಿಯಾಗಿದೆ ಎಂದು ಹೊಗಳಿ ಬಂದಿದ್ದೆ.

ಇನ್ನು ಚಳ್ಳಕೆರೆಯ ಸಾಹುಕಾರರಿಗೆ ಒಂದು ಮಾತು. ತಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತಮ್ಮಂತೆಯೇ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದ, ಚಾಕೊಲೇಟ್ ಕಾರ್ಖಾನೆಯ ಕುಟುಂಬದ ಸೀಬೋಮ್ ರೌನ್‌ಟ್ರೀ ಎಂಬುವರು 1899ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 11,560 ಕುಟುಂಬಗಳ ಲೆಕ್ಕ ತೆಗೆಸಿದರು. ಊರಿನ ಶೇಕಡ 28ರಷ್ಟು ಜನ ಬಡತನದಲ್ಲಿದ್ದರು. ಅವರಲ್ಲಿ ಬರುವ ಆದಾಯವನ್ನೆಲ್ಲ ಬಿಗಿಹಿಡಿದು ಖರ್ಚು ಮಾಡಿದರೂ ಬರೀ ದೇಹ ಹಿಡಿದಿಟ್ಟುಕೊಳ್ಳಲು ಸಾಲದವರದು ಒಂದು ಗುಂಪು. ಲೆಕ್ಕದ ಪ್ರಕಾರ ಸಾಲಬಹುದಾಗಿದ್ದರೂ ಬೇರೆಡೆ ಖರ್ಚಾಗಿ ಸಾಲದೇ ಹೋದವರದು ಇನ್ನೊಂದು, ಮತ್ತು ಈ ಎರಡನೆಯದೇ ದೊಡ್ಡ ಗುಂಪು. ಆ ಎರಡನೆಯ ಗುಂಪಿನಲ್ಲಿ ಕುಡಿತವೇ ಮುಖ್ಯ ಕಾರಣವಾಗಿ ಎದ್ದು ಕಾಣುತ್ತದೆ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಜೊತೆಗೆ, ಆ ಕುಡಿತವೂ ಆ ಜನ ಬದುಕುತ್ತಿದ್ದ ಸ್ಥಿತಿಯ ಫಲವೇ ಎಂದೂ ಹೇಳಿದರು. ಮೊದಲನೆಯ ಗುಂಪಿನ ಕಾರಣಗಳನ್ನು ಎಣಿಸಿದಾಗ ಮಾತ್ರ ಎಲ್ಲರೂ ಅಂದುಕೊಂಡಿದ್ದ ಲೆಕ್ಕ ತಲೆಕೆಳಗಾಯಿತು. ಕೆಲಸವಿಲ್ಲದೆ ಆ ಸ್ಥಿತಿಗೆ ಬಂದವರು ನೂರಕ್ಕೆ ಮೂರು ಮಂದಿಯೂ ಇರಲಿಲ್ಲ, ಅರ್ಧಕ್ಕಿಂತ ಹೆಚ್ಚು ಜನ ತಪ್ಪದೆ ಕೆಲಸಕ್ಕೆ ಹೋಗುತ್ತಿದ್ದರು. ಕೂಲಿ ಸಾಲುತ್ತಿರಲಿಲ್ಲ, ಅಷ್ಟೇ.

ನಮ್ಮಲ್ಲಿಯೂ ನೋಡಿ. ಉದ್ಯೋಗ ಖಾತರಿ ಯೋಜನೆಯು 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ಚಿತ್ರದುರ್ಗ, ದಾವಣಗೆರೆ ಎರಡೂ ಆ ಪಟ್ಟಿಯಲ್ಲಿದ್ದವು. ಸೋಮಾರಿತನವೇ ಈ ನಾಡಿನ ಬಡತನಕ್ಕೆ ಮೂಲವಾಗಿದ್ದರೆ ಬಿರುಬೇಸಿಗೆಯಲ್ಲಿ ಕೆರೆಯ ಹೂಳೆತ್ತಲು ಒಬ್ಬರೂ ಬರಬಾರದಿತ್ತು. ನಾನು ಕಂಡಂತೆ ಬಂದವರು ಬಹಳ. ಅವರಲ್ಲಿ ಹೆಂಗಸರೇ ಮುಂದೆ.

ಉತ್ತರ 3: ಗಿರಣಿ ಕಾರ್ಮಿಕನ ಮಗ, ದಾವಣಗೆರೆ

ತಂಗಿ, ನಾನೊಬ್ಬ ಶಾಲಾ ಶಿಕ್ಷಕ. ನಮ್ಮ ತಂದೆ ಇಲ್ಲಿಯ ಹತ್ತಿ ಗಿರಣಿಯೊಂದರಲ್ಲಿ ನೂಲುವ ವಿಭಾಗದಲ್ಲಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವದು; ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಗಡಿಯಾರ ಬೇಕಿರಲಿಲ್ಲ, ಗಿರಣಿಯ ಸೈರನ್ನೇ ಸಾಕಾಗಿತ್ತು.

ನನ್ನ ತಂದೆ ಆಗಲೂ ಕುಡಿಯುತ್ತಿದ್ದರು. ಈ ಮಾತನ್ನು ಒತ್ತಿ ಹೇಳುವುದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಇಂಥ ಕತೆಯನ್ನು ‘ಕೆಲಸ ಹೋಯಿತು, ಆಮೇಲೆ ಕುಡಿತ ಹಿಡಿಯಿತು’ ಎಂದು ಹೇಳುತ್ತಾರೆ, ಕೇಳುವವರಿಗೂ ಅದು ಒಪ್ಪಿಗೆಯಾಗುತ್ತದೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಸಂಬಳದ ದಿನ ತಂದೆ ತೂರಾಡುತ್ತಲೇ ಬರುತ್ತಿದ್ದರು, ಆದರೆ ಕೈಯಲ್ಲಿ ಬೆಣ್ಣೆ ದೋಸೆಯ ಪೊಟ್ಟಣ ಇರುತ್ತಿತ್ತು. ತಾಯಿ ಬೈಯುತ್ತಿದ್ದರು, ನಾವು ದೋಸೆ ತಿನ್ನುತ್ತಿದ್ದೆವು. ತಿಂಗಳ ಸಂಬಳ, ಭವಿಷ್ಯನಿಧಿ, ಕಾಯಿಲೆ ಬಿದ್ದರೆ ಕಾರ್ಮಿಕರ ವಿಮೆಯ ಇ.ಎಸ್.ಐ. ಆಸ್ಪತ್ರೆ ಇದ್ದುದರಿಂದ ಕುಡಿತವು ಮನೆಯ ಜಗಳಕ್ಕೆ ಕಾರಣವಾಗಿತ್ತೇ ಹೊರತು ಮನೆಯ ಬಡತನಕ್ಕೆ ಕಾರಣವಾಗಿರಲಿಲ್ಲ. ಗಿರಣಿ ಮುಚ್ಚಿತು. ಬರಬೇಕಾದ ಬಾಕಿ ವರ್ಷಗಟ್ಟಲೆ ಬರಲಿಲ್ಲ. ತಂದೆ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿ ಕೆಲಸಕ್ಕೆ ಸೇರಿದರು. ಕೈಯಲ್ಲಿ ಕಾಸು ಕಡಿಮೆಯಿದ್ದುದರಿಂದ ಕುಡಿಯುವುದೂ ಮೊದಲಿಗಿಂತ ಕಡಿಮೆಯೇ ಆಯಿತು. ಆದರೆ ಆಗ ಮನೆಗೆ ಬಂದ ಪ್ರತಿಯೊಬ್ಬರೂ, ನನ್ನ ಶಾಲೆಯ ಮೇಷ್ಟ್ರೂ ಸೇರಿದಂತೆ, ‘ನಿಮ್ಮಪ್ಪ ಕುಡಿದು ಕುಡಿದು ಮನೆ ಹಾಳು ಮಾಡಿದ’ ಎಂದು ಹೇಳತೊಡಗಿದರು. ಅದೇ ಮನುಷ್ಯ, ಅದೇ ಚಟ, ಮೊದಲಿಗಿಂತ ಕಡಿಮೆ ಪ್ರಮಾಣ. ಬಡವನಾದ ಮೇಲೆ ಮಾತ್ರ ಅದು ಕಾರಣವಾಯಿತು.

ನಮ್ಮ ತಾಯಿ ಅನುಭವಿಸಿದ್ದನ್ನು ನಾನು ಮರೆತಿಲ್ಲ, ಆದ್ದರಿಂದ ಕುಡಿತವನ್ನು ಸಮರ್ಥಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಅವರೇ. ಆದರೆ ಅಂಗಡಿಯಲ್ಲಿ ಅದಕ್ಕಿಂತ ದುಬಾರಿಯಾದದ್ದು ಸಿಗುತ್ತಿತ್ತು, ಕೂಲಿ ಮಾತ್ರ ಅಷ್ಟೇ ಇತ್ತು.

ಮತ್ತೆ ಚಳ್ಳಕೆರೆಯಿಂದ

ನಿವೃತ್ತ ಅಧಿಕಾರಿಗಳು ಬರೆದದ್ದನ್ನು ಓದಿದ ಮೇಲೆ ನನಗೇ ಒಂದು ಸಂಗತಿ ನೆನಪಾಯಿತು, ಮುಚ್ಚಿಡುವುದು ಸರಿಯಲ್ಲ. ಆ ಅಣ್ಣ ತಮ್ಮಂದಿರು ಒಂದೇ ವರ್ಷ ಕೊಳವೆಬಾವಿ ಕೊರೆಸಿದ್ದರು. ಇಬ್ಬರೂ ನಮ್ಮಿಂದಲೇ ಮುಂಗಡ ಒಯ್ದಿದ್ದರು, ಖಾತೆಪುಸ್ತಕದಲ್ಲಿ ಈಗಲೂ ಇದೆ. ತಮ್ಮನಿಗೆ ಮೊದಲನೆಯದರಲ್ಲೇ ಎರಡಿಂಚು ನೀರು ಬಿತ್ತು. ಅಣ್ಣನಿಗೆ ಮೂರು ಕೊರೆಸಿದರೂ ಬಂದದ್ದು ಬರೀ ಬಿಳಿ ದೂಳು. ಬಡ್ಡಿ ಇಬ್ಬರಿಗೂ ಒಂದೇ ಹಾಕಿದ್ದೆವು. ಹೀಗಾಗಿ ‘ಎಲ್ಲವೂ ಸಮಾನ’ ಎಂದು ನಾನು ಬರೆದದ್ದು ತಪ್ಪು.

ಆದರೂ ನನ್ನ ಮುಖ್ಯ ಪ್ರಶ್ನೆ ಹಾಗೆಯೇ ಉಳಿದಿದೆ. ಗಿರಣಿ ಮುಚ್ಚಿದ್ದು, ಮಳೆ ಬಾರದ್ದು, ನೀರು ಬೀಳದ್ದು ಕಾರಣವೆಂದೇ ಇಟ್ಟುಕೊಳ್ಳೋಣ. ಈ ಹುಡುಗಿ ಅದಕ್ಕೆ ಏನು ಮಾಡಲು ಸಾಧ್ಯ? ಕುಡಿತವಾದರೆ ಬಿಡಿಸಲು ಪ್ರಯತ್ನಿಸಬಹುದು. ಕೈಗೆಟುಕದ ಕಾರಣವನ್ನು ಬರೆದು ಯಾರಿಗೆ ಪ್ರಯೋಜನ?

ಮತ್ತೆ ಚಿತ್ರದುರ್ಗದಿಂದ

ಸಾಹುಕಾರರೇ, ಖಾತೆಪುಸ್ತಕ ತೆಗೆದು ನೋಡಿ ಹೇಳಿದಿರಲ್ಲ, ಅಷ್ಟು ಮಾಡುವವರು ನಮ್ಮ ಇಲಾಖೆಗಳಲ್ಲೂ ಕಡಿಮೆ.

ನೀವು ಕೇಳಿದ್ದಕ್ಕೆ ಉತ್ತರ ಆ ಮನೆಯ ಗೋಡೆಯ ಮೊಳೆಯಲ್ಲಿಯೇ ತೂಗುತ್ತಿದೆ. ಒಂದು ಮನೆಯ ವರದಿಯಲ್ಲಿ ‘ಯೋಜನೆಯಿಲ್ಲದೆ ಮಾಡಿದ ಸಾಲ’ ಎಂದು ಬರೆದರೆ ಆ ಹೆಂಗಸಿಗೆ ಉಳಿತಾಯದ ಬಗ್ಗೆ ಬುದ್ಧಿಮಾತು ಹೇಳಿ ಮನೆಗೆ ಬರುತ್ತೇವೆ. ಐದೂ ಮನೆಗಳಲ್ಲಿ ಯಾವ ತಿಂಗಳು ಕೆಲಸ ನಿಲ್ಲುತ್ತದೆ, ಆ ತಿಂಗಳು ಕಂತಿನ ದಿನ ಏನಾಗುತ್ತದೆ ಎಂದು ಬರೆದು ಒಟ್ಟಿಗೆ ಇಟ್ಟರೆ, ಅದು ಆ ಐವರ ಅವಿವೇಕವಲ್ಲ, ಆ ಬಡಾವಣೆಯ ಕೂಲಿಗೂ ಕಂತಿಗೂ ಹೊಂದಿಕೆಯಿಲ್ಲದಿರುವುದು ಎಂದು ತಿಳಿಯುತ್ತದೆ. ಅದನ್ನು ಹಿಡಿದುಕೊಂಡು ಸಾಲ ಕೊಟ್ಟವರ ಬಳಿ ಮಾತನಾಡಬಹುದು. ಕಿರುಸಾಲದ ವಸೂಲಿಯಲ್ಲಿ ಬಲವಂತ ಮಾಡುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು, ಕಂತಿಗೆ ಹೆದರಿ ಊರು ಬಿಟ್ಟವರ ಸುದ್ದಿ ಒಂದೊಂದು ಜಿಲ್ಲೆಯಿಂದ ಬಂದು ಸೇರಿದ ಮೇಲೆ. ಒಬ್ಬೊಬ್ಬರ ತಪ್ಪೆಂದು ಬಿಡಿಬಿಡಿಯಾಗಿ ಕಡತದಲ್ಲಿ ಕುಳಿತಿದ್ದರೆ ಅದು ಆಗುತ್ತಿರಲಿಲ್ಲ. ಕುಡಿತಕ್ಕೆ ಚಿಕಿತ್ಸೆ ಕೊಡಿಸುವುದೂ ಇರಲಿ, ಯಾರು ಬೇಡ ಎಂದರು?

ತಾಯಿ, ನಿಮಗೆ ಒಂದೇ ಸೂಚನೆ. ಬರೆದದ್ದನ್ನು ಒಪ್ಪಿಸುವ ಮೊದಲು ಆ ಮನೆಯವರ ಮುಂದೆ ಓದಿ. ನಾನು ಆ ಷರಾವನ್ನು ಆ ಮನುಷ್ಯನ ಎದುರಿಗೆ ಓದಿದ್ದರೆ ಅವನು ತನ್ನ ಬೆನ್ನಿನ ವಿಷಯವನ್ನು ಅಂದೇ ಹೇಳುತ್ತಿದ್ದ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಶನಿವಾರ ಮತ್ತೆ ಆ ಮನೆಗೆ ಹೋಗಿದ್ದೆ. ಈ ಸಲ ಕಾರಣ ಏನೆಂದು ಕೇಳಲಿಲ್ಲ. ಮದುವೆಯಾದಂದಿನಿಂದ ಯಾವ ವರ್ಷ ಏನಾಯಿತು ಎಂದು ಕೇಳಿದೆ. ಒಂದೂವರೆ ಗಂಟೆ ಮಾತನಾಡಿದರು. ಮಳೆಗಾಲದಲ್ಲಿ ಮೋಡ ಹಿಡಿದರೆ ಭತ್ತ ಒಣಗುವುದಿಲ್ಲ, ಭತ್ತ ಒಣಗದಿದ್ದರೆ ಭಟ್ಟಿ ಉರಿಯುವುದಿಲ್ಲ, ಭಟ್ಟಿ ಉರಿಯದಿದ್ದರೆ ಇಬ್ಬರ ಕೂಲಿಯೂ ಒಂದೇ ದಿನ ನಿಲ್ಲುತ್ತದೆ. ಸಂಘದ ಕಂತು ಮಾತ್ರ ಯಾವ ಮಂಗಳವಾರವೂ ನಿಲ್ಲುವುದಿಲ್ಲ. ಎರಡನೆಯ ಸಂಘದ ಸಾಲ ಮೊದಲನೆಯದರ ಕಂತು ಕಟ್ಟಲು ತೆಗೆದದ್ದು, ಕೈಸಾಲ ಎರಡನೆಯದರ ಕಂತಿಗೆ. ಇಪ್ಪತ್ತು ಸಾವಿರ ಕೈಸಾಲಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಬಡ್ಡಿ ಕಟ್ಟುತ್ತಾ ಹದಿನಾಲ್ಕು ತಿಂಗಳಾಗಿದೆ, ಅಸಲು ಹಾಗೆಯೇ ಇದೆ. ಇದನ್ನೆಲ್ಲ ಎರಡು ಗೆರೆಯಲ್ಲಿ ತುಂಬಿಸಲಾಗದೆ ಬೇರೆ ಹಾಳೆ ಲಗತ್ತಿಸಿದ್ದೇನೆ.

ಬರೆದದ್ದನ್ನು ಅವರ ಮುಂದೆ ಓದಿದೆ. ಗಂಡ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಕುಡಿತದ ಭಾಗ ಬಂದಾಗ ನನ್ನ ದನಿ ತಗ್ಗಿತು. ಆಗ ಹೆಂಡತಿಯೇ, ‘ಅದನ್ನ ಜೋರಾಗೇ ಓದ್ರಿ ಮೇಡಂ, ಸುಳ್ಳೇನಲ್ವಲ್ಲ’ ಎಂದರು. ಮೊದಲ ವರದಿಯಲ್ಲಿ ನಾನು ದುಂದುವೆಚ್ಚ ಎಂದು ಬರೆದದ್ದು ಗೂಡಿನಲ್ಲಿದ್ದ ಹೊಸ ಮೊಬೈಲ್ ಫೋನನ್ನು ನೋಡಿ. ಅದನ್ನೂ ಈ ಸಲ ಓದಿ ಹೇಳಿದೆ. ಅವರು ಎದ್ದು ಹೋಗಿ ಫೋನನ್ನು ತಂದು ನನ್ನ ಕೈಗಿಟ್ಟರು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿ, ಪಾಠವೆಲ್ಲ ಫೋನಿನಲ್ಲೇ ಎಂದಾಗ ಮಗನಿಗಾಗಿ ಕಂತಿನಲ್ಲಿ ಕೊಂಡದ್ದಂತೆ. ಹೊಸದರಂತೆ ಕಂಡದ್ದು ಮೇಲಿನ ಕವರು ಮಾತ್ರ. ಗಾಜು ಒಡೆದು ಎರಡು ವರ್ಷವಾಗಿದೆ, ಹಚ್ಚಿದರೆ ಬೆಳಕು ಬರುವುದಿಲ್ಲ.